ಸಮುದ್ರಕ್ಕೆ ಎಣ್ಣೆ ಬಿಟ್ಟಿದ್ದು ಬೇಕಂತಲೇನಾ?

ತೈಲ ಸೋರಿಕೆ ಬಗ್ಗೆ ಬರೆದಾಗಲೆಲ್ಲ ನನಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ಇಷ್ಟು ದೊಡ್ಡ ಕಂಪನಿ, ಇಷ್ಟೊಂದು ಜನ ಇಂಜಿನಿಯರುಗಳು. ಅಂಥವರ ಬಾವಿ ಹಾಗೇ ಸುಮ್ಮನೆ ಸಿಡಿಯುತ್ತಾ ಸಾರ್? ಇದರ ಹಿಂದೆ ಏನೋ ಇದೆ." ಆ 'ಏನೋ' ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಎಣ್ಣೆ ಬೆಲೆ ಏರಿಸುವುದಕ್ಕೆ ಅಂತ ಕೆಲವರು, ಕಡಲಲ್ಲಿ ಬಾವಿ ಕೊರೆಯುವುದನ್ನೇ ನಿಲ್ಲಿಸಲು ಪರಿಸರವಾದಿಗಳು ಮಾಡಿಸಿದ್ದು ಅಂತ ಇನ್ನು ಕೆಲವರು. 2010ರಲ್ಲಿ ಡೀಪ್‌ವಾಟರ್ ಹೊರೈಜನ್ ಸಿಡಿದಾಗಲಂತೂ ಉತ್ತರ ಕೊರಿಯಾದ ಸಬ್‌ಮರೀನ್ ಬಂದು ಅದಕ್ಕೆ ಟಾರ್ಪಿಡೊ ಹೊಡೆದು ಹೋಯಿತು ಅನ್ನುವ ಕಥೆಯೂ ಓಡಾಡಿತ್ತು.

ಬೇಕಂತಲೇ ಎಣ್ಣೆ ಬಿಟ್ಟವರು ಇಲ್ಲವೇ ಇಲ್ಲ ಎನ್ನಲಾರೆ. 1991ರ ಜನವರಿಯಲ್ಲಿ, ಕೊಲ್ಲಿ ಯುದ್ಧದ ನಡುವೆ, ಇರಾಕಿ ಸೇನೆ ಕುವೈತಿನ ಟರ್ಮಿನಲ್ ವಾಲ್ವ್‌ಗಳನ್ನು ತೆರೆದು ಕಚ್ಚಾ ತೈಲವನ್ನು ಸಮುದ್ರಕ್ಕೆ ಹರಿಸಿತು. ಆದರೆ ಅದು ಗುಟ್ಟಾಗಿ ಉಳಿಯಲಿಲ್ಲ, ಕೆಲವೇ ದಿನಗಳಲ್ಲಿ ಜಗತ್ತಿಗೆಲ್ಲ ಗೊತ್ತಾಯಿತು.

ಜನ ಹೆಚ್ಚಾಗಿ ಕೇಳುವುದು ಡೀಪ್‌ವಾಟರ್ ಹೊರೈಜನ್ ಬಗ್ಗೆ. 2010ರ ಏಪ್ರಿಲ್ 20ರ ರಾತ್ರಿ ಮೆಕ್ಸಿಕೊ ಕೊಲ್ಲಿಯಲ್ಲಿ ಆ ರಿಗ್, ಅಂದರೆ ಕಡಲಲ್ಲಿ ತೇಲುತ್ತ ಬಾವಿ ಕೊರೆಯುವ ಕಟ್ಟೆ, ಸಿಡಿದು 11 ಜನ ಸತ್ತರು. ಒಂದೂವರೆ ಕಿಲೋಮೀಟರ್ ನೀರಿನಡಿ ಇದ್ದ, ಬಿಪಿ ಎಂಬ ಬ್ರಿಟಿಷ್ ತೈಲ ಕಂಪನಿಯ ಮಕೊಂಡೊ ಬಾವಿಯಿಂದ 87 ದಿನ ಎಣ್ಣೆ ಉಕ್ಕಿತು. ಅಮೆರಿಕ ಸರ್ಕಾರದ ಅಂದಾಜಿನಲ್ಲಿ 49 ಲಕ್ಷ ಬ್ಯಾರೆಲ್ (ಒಂದು ಬ್ಯಾರೆಲ್ ಎಂದರೆ ಸುಮಾರು 159 ಲೀಟರ್). ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಆಗ ಜಗತ್ತು ದಿನಕ್ಕೆ ಸುಮಾರು 8.7 ಕೋಟಿ ಬ್ಯಾರೆಲ್ ಉರಿಸುತ್ತಿತ್ತು. ಭಾಗಿಸಿ ನೋಡಿ: ಮೂರು ತಿಂಗಳು ಉಕ್ಕಿದ್ದು ಜಗತ್ತಿನ ಒಂದೂವರೆ ಗಂಟೆಯ ಖರ್ಚಿಗೂ ಸಾಲದು. ಬಾವಿ ಉಕ್ಕುತ್ತಿರುವಾಗಲೇ, ಮೇ ತಿಂಗಳಲ್ಲಿ, ಕಚ್ಚಾ ತೈಲದ ಬೆಲೆ ಇಳಿಯಿತು. ಮಾರುಕಟ್ಟೆಗೆ ಆಗ ಗ್ರೀಸಿನ ಸಾಲದ್ದೇ ಚಿಂತೆ. ಬೆಲೆ ಏರಿಸಬೇಕು ಅನ್ನುವವರಿಗೆ ರಿಗ್ ಮುಳುಗಿಸುವ ಕಷ್ಟವಾದರೂ ಯಾಕೆ? 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ಸಭೆ ಸೇರಿ, ಉತ್ಪಾದನೆ ಕಡಿಮೆ ಮಾಡುತ್ತೇವೆ ಎಂದು ರಾಜಾರೋಷವಾಗಿ ಸಾರಿದವು. 3 ಡಾಲರ್ ಆಸುಪಾಸಿನಲ್ಲಿದ್ದ ಬ್ಯಾರೆಲ್ ಕೆಲವೇ ತಿಂಗಳಲ್ಲಿ 12ರ ಹತ್ತಿರ ಹೋಗಿ ನಿಂತಿತು.

ಹಾಗಾದರೆ ಬಾವಿ ಸಿಡಿದದ್ದು ಹೇಗೆ? ಕೆಲಸ ವಾರಗಟ್ಟಲೆ ಹಿಂದೆ ಬಿದ್ದಿತ್ತು. ರಿಗ್ಗಿನ ಬಾಡಿಗೆಯೇ ದಿನಕ್ಕೆ ಸುಮಾರು 5 ಲಕ್ಷ ಡಾಲರ್. ಎಣ್ಣೆ, ಅನಿಲ ಮೇಲೆ ನುಗ್ಗದಂತೆ ಬಾವಿಯ ತಳಕ್ಕೆ ಹಾಕಿದ್ದ ಸಿಮೆಂಟ್ ಸರಿಯಾಗಿ ಹಿಡಿದಿದೆಯೇ ಎಂದು ನೋಡಲು ಬಂದಿದ್ದ ತಂಡವನ್ನು, ಅಗತ್ಯವಿಲ್ಲ ಅಂತ, ಅದೇ ದಿನ ಬೆಳಿಗ್ಗೆ ಹೆಲಿಕಾಪ್ಟರ್ ಹತ್ತಿಸಿ ವಾಪಸ್ ಕಳಿಸಿದರು. ಸಂಜೆ ಒತ್ತಡ ಪರೀಕ್ಷೆ: ಬಾವಿಯ ಒತ್ತಡ ಇಳಿಸಿ, ಅದು ಮತ್ತೆ ಏರುತ್ತದೆಯೇ ಎಂದು ನೋಡುವುದು. ಬಾವಿ ಭದ್ರವಾಗಿದ್ದರೆ ಎರಡು ಮೀಟರುಗಳೂ ಸೊನ್ನೆ ತೋರಿಸಬೇಕು. ಕಿಲ್ ಲೈನ್ ಎನ್ನುವ ಕೊಳವೆ ಸೊನ್ನೆ ತೋರಿಸಿತು, ಕೊರೆಯುವ ಕೊಳವೆ, ಅಂದರೆ ಡ್ರಿಲ್ ಪೈಪ್, ಮಾತ್ರ 1,400 ಪಿಎಸ್‌ಐ (ಒತ್ತಡದ ಅಳತೆ). ಒಂದೇ ಬಾವಿಗೆ ಇಳಿದ ಎರಡು ಕೊಳವೆ, ಎರಡು ಲೆಕ್ಕ! ಸುತ್ತ ನಿಂತವರು ಚರ್ಚೆ ಮಾಡಿದರು, 1,400ಕ್ಕೆ ಏನೋ ಒಂದು ವಿವರಣೆ ಹುಡುಕಿದರು, ಕೊನೆಗೆ ಸೊನ್ನೆಯನ್ನೇ ನಂಬಿದರು. ರಾತ್ರಿ ಹತ್ತಾಗುವುದರೊಳಗೆ ರಿಗ್ ಹೊತ್ತಿ ಉರಿಯುತ್ತಿತ್ತು. ಇದರಲ್ಲಿ ಗೂಢಚಾರನಿಗೆ ಪಾತ್ರವೇ ಇಲ್ಲ. ಬೇಗ ಮುಗಿಸಿ ಹೊರಡಬೇಕು ಅನ್ನುವ ಅವಸರಕ್ಕೆ ಅನುಕೂಲವಾದ ಅಂಕಿ ಸಿಕ್ಕಿತು, ಅಷ್ಟೇ.

"ಹ್ಯಾಲಿಬರ್ಟನ್ ಕಥೆ ಏನು ಹಾಗಾದರೆ?" ಎಂದು ತಕ್ಷಣ ಯಾರಾದರೂ ಕೇಳುತ್ತಾರೆ. ಆ ಬಾವಿಗೆ ಸಿಮೆಂಟ್ ಹಾಕಿದ್ದು ಹ್ಯಾಲಿಬರ್ಟನ್. ಸ್ಫೋಟಕ್ಕೆ 11 ದಿನ ಮುಂಚೆ, ಕೈಮೀರಿದ ಬಾವಿಗಳನ್ನು ಹತೋಟಿಗೆ ತರುವ ಬೂಟ್ಸ್ ಅಂಡ್ ಕೂಟ್ಸ್ ಕಂಪನಿಯನ್ನು ಕೊಳ್ಳುವುದಾಗಿ ಅದು ಪ್ರಕಟಿಸಿದ್ದು ನಿಜ. ನನ್ನ ಮಟ್ಟಿಗೆ ಇದು ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದ ಹಾಗೆ. ಈ ಅವಘಡದಿಂದ ಹ್ಯಾಲಿಬರ್ಟನ್‌ಗೆ ಆದ ಲಾಭ ಎಂದರೆ 2014ರಲ್ಲಿ ಪರಿಹಾರವಾಗಿ ಕೊಡಲು ಒಪ್ಪಿದ 110 ಕೋಟಿ ಡಾಲರ್. ಆ ಕಂಪನಿಯ ನಿಜವಾದ ಕಳ್ಳತನ ನಡೆದದ್ದು ಆಮೇಲೆ. ಸಿಮೆಂಟ್ ಕೆಲಸದ ಬಗ್ಗೆ ಕಂಪ್ಯೂಟರಿನಲ್ಲಿ ಮಾಡಿ ನೋಡಿದ್ದ ಲೆಕ್ಕಗಳನ್ನು ಅಳಿಸಿಹಾಕಿದ್ದನ್ನು, ಅಂದರೆ ಸಾಕ್ಷ್ಯ ನಾಶವನ್ನು, 2013ರಲ್ಲಿ ಅದು ಕೋರ್ಟಿನಲ್ಲೇ ಒಪ್ಪಿಕೊಂಡಿತು.

ನಾನು ಪ್ರಶ್ನೆ ಕೇಳುವವರಿಗೆ ತೋರಿಸುವುದು ಇದನ್ನೇ. ನೀವು ಹುಡುಕುತ್ತಿರುವ ಗುಟ್ಟು ಇರುವುದು ಸೋರಿಕೆಗೆ ಮುಂಚೆ ಅಲ್ಲ, ಆಮೇಲೆ, ಅದೂ ಬಹುಮಟ್ಟಿಗೆ ಎಣಿಕೆಯಲ್ಲಿ.

ಮಕೊಂಡೊದಿಂದ ದಿನಕ್ಕೆ 1,000 ಬ್ಯಾರೆಲ್ ಸೋರುತ್ತಿದೆ ಅಂತ ಮೊದಲು ಹೇಳಿದರು. ಏಪ್ರಿಲ್ ಮುಗಿಯುವ ಮುಂಚೆ ಅದು 5,000 ಆಯಿತು. ಮೇ 12ರಂದು ಸಮುದ್ರದ ತಳದ ವಿಡಿಯೊ ಹೊರಬಂತು. ಮುರಿದ ಕೊಳವೆಯ ಬಾಯಿಂದ ಕಂದು ಹೊಗೆಯ ಥರ ಎಣ್ಣೆ ನುಗ್ಗುತ್ತಿತ್ತು. ಪರ್ಡ್ಯೂ ವಿಶ್ವವಿದ್ಯಾಲಯದ ಇಂಜಿನಿಯರಿಂಗ್ ಪ್ರೊಫೆಸರ್ ಒಬ್ಬರು ಆ ಹೊಗೆಯ ಸುರುಳಿಗಳು ಫ್ರೇಮಿನಿಂದ ಫ್ರೇಮಿಗೆ ಎಷ್ಟು ದೂರ ಸರಿಯುತ್ತವೆ ಎಂದು ಅಳೆದು, ದಿನಕ್ಕೆ ಸುಮಾರು 70,000 ಬ್ಯಾರೆಲ್ ಎಂದರು. ಸರ್ಕಾರದ ವಿಜ್ಞಾನಿಗಳು ಕೊನೆಗೆ ಬಂದು ನಿಂತ ಲೆಕ್ಕ: ಶುರುವಿನಲ್ಲಿ 62,000, ಕೊನೆಯಲ್ಲಿ 53,000.

ಇಲ್ಲಿ ಉದ್ದೇಶ ಹುಡುಕಲು ಪತ್ತೇದಾರ ಬೇಕಿಲ್ಲ, ಕಾನೂನಿನ ಪುಸ್ತಕದಲ್ಲೇ ಇದೆ. ಅಮೆರಿಕದ ಕ್ಲೀನ್ ವಾಟರ್ ಆಕ್ಟ್ ಪ್ರಕಾರ ದಂಡ ಬ್ಯಾರೆಲ್ ಲೆಕ್ಕದಲ್ಲಿ: ಆಗ ಒಂದಕ್ಕೆ 1,100 ಡಾಲರ್, ಘೋರ ನಿರ್ಲಕ್ಷ್ಯ ಸಾಬೀತಾದರೆ 4,300ರವರೆಗೆ. ಬಾವಿಯ ಬಾಯಲ್ಲೇ ಹಿಡಿದುಕೊಂಡ ಎಣ್ಣೆ ಕಳೆದು, ಸಮುದ್ರ ಸೇರಿದ್ದು 24.5 ಲಕ್ಷ ಬ್ಯಾರೆಲ್ ಅಂತ ಬಿಪಿ ವಾದ, 41.9 ಲಕ್ಷ ಅಂತ ಸರ್ಕಾರದ್ದು. ಗರಿಷ್ಠ ದರ ಹಾಕಿದರೆ ಆ ಅಂತರದ ಬೆಲೆಯೇ 700 ಕೋಟಿ ಡಾಲರ್‌ಗೂ ಹೆಚ್ಚು. ನ್ಯಾಯಾಧೀಶರು 2015ರಲ್ಲಿ 31.9 ಲಕ್ಷ ಎಂದು ತೀರ್ಪು ಕೊಟ್ಟರು. ಹರಿವಿನ ಬಗ್ಗೆ ಅಮೆರಿಕದ ಕಾಂಗ್ರೆಸ್ಸಿನ ದಾರಿ ತಪ್ಪಿಸಿದ ಅಪರಾಧವನ್ನು ಬಿಪಿ 2012ರಲ್ಲೇ ಒಪ್ಪಿಕೊಂಡಿತ್ತು. ಟಾರ್ಪಿಡೊ ವಿಡಿಯೊ ಕಳಿಸುವವರು ಇದನ್ನು ಮಾತ್ರ ಯಾವತ್ತೂ ಕಳಿಸುವುದಿಲ್ಲ!

ಅದೇ ಕೊಲ್ಲಿಯ ಇನ್ನೊಂದು ಸೋರಿಕೆ ಟೇಲರ್ ಎನರ್ಜಿ ಕಂಪನಿಯದು. 2004ರ ಐವನ್ ಚಂಡಮಾರುತಕ್ಕೆ ಅದರ ಪ್ಲಾಟ್‌ಫಾರ್ಮ್ ಉರುಳಿಬಿತ್ತು, ಬಾವಿಗಳು ಕೆಸರಿನಡಿ ಹೂತುಹೋದವು. ಎಣ್ಣೆ ಜಿನುಗುತ್ತಲೇ ಇತ್ತು, ಹೊರಗಿನವರಿಗೆ ಸುಳಿವಿರಲಿಲ್ಲ. 2010ರಲ್ಲಿ ಬಿಪಿಯ ಎಣ್ಣೆ ನೋಡಲು ವಿಮಾನದಲ್ಲಿ ಹಾರಾಡುತ್ತಿದ್ದವರಿಗೆ, ಅದಕ್ಕೆ ಸಂಬಂಧವೇ ಇಲ್ಲದ ಕಡೆ ಎಣ್ಣೆಯ ಪಟ್ಟೆಯೊಂದು ಕಣ್ಣಿಗೆ ಬಿತ್ತು. ದಿನಕ್ಕೆ ಮೂರು ಗ್ಯಾಲನ್ (ಒಂದು ಗ್ಯಾಲನ್ ಸುಮಾರು 3.8 ಲೀಟರ್) ಕೂಡ ಸೋರುತ್ತಿಲ್ಲ ಎಂದು ಕಂಪನಿ ಹೇಳುತ್ತ ಬಂತು. 2019ರಲ್ಲಿ ಕೋಸ್ಟ್ ಗಾರ್ಡ್ ಅಲ್ಲಿ ಎಣ್ಣೆ ಹಿಡಿಯುವ ಸಾಧನವೊಂದನ್ನು ಇಳಿಸಿತು. ಅದರಲ್ಲಿ ದಿನಕ್ಕೆ ಸಾವಿರ ಗ್ಯಾಲನ್‌ಗೂ ಹೆಚ್ಚು ಎಣ್ಣೆ ತುಂಬತೊಡಗಿತು.