ವಾಬಾಷ್ ದಂಡೆಯಲ್ಲಿ ಒಂದು ಬೆಳಗು

ಸಿನ್ಸಿನಾಟಿಯಿಂದ ನಸುಕಿಗೇ ಹೊರಟು, ಮೆಕ್ಕೆಜೋಳದ ಕೂಳೆ ಉಳಿದ ಹೊಲಗಳ ನಡುವೆ ಎರಡು ಗಂಟೆ ಕಾರು ಓಡಿಸಿ, ಅಮೆರಿಕದ ಒಹಾಯೊ ರಾಜ್ಯದ ಫೋರ್ಟ್ ರಿಕವರಿ ಎಂಬ ಪುಟ್ಟ ಊರು ತಲುಪಿದೆವು. ಮಗಳ ಪಠ್ಯದಲ್ಲಿ ಇಲ್ಲಿನ ಯುದ್ಧಕ್ಕೆ ಸಿಕ್ಕಿದ್ದು ಎರಡೇ ಸಾಲು. ಅದು ನನಗೆ ಸಹಿಸಲಾಗಲಿಲ್ಲ.

"ನದಿ ಎಲ್ಲಮ್ಮಾ?" ಎಂದಳು. ಕಣ್ಣೆದುರು ಹರಿಯುತ್ತಿದ್ದದ್ದೇ ವಾಬಾಷ್. ಇಲ್ಲಿ ಅದು ನನ್ನ ತವರಿನ ಹಿತ್ತಲ ಹಳ್ಳದಷ್ಟೇ ಅಗಲ.

1791ರ ನವೆಂಬರ್ 4. ಅಮೆರಿಕದ ಸೇನೆಯ ಜನರಲ್ ಸೇಂಟ್ ಕ್ಲೇರ್‌ನ ಸುಮಾರು 1,400 ಮಂದಿ ಈ ದಂಡೆಯಲ್ಲಿ ಬೀಡುಬಿಟ್ಟಿದ್ದರು. ಅನೇಕರು ಆರು ತಿಂಗಳ ಕರಾರಿಗೆ ಸೇರಿದವರು. ಜೊತೆಗೆ ಹೆಂಗಸರು, ಮಕ್ಕಳೂ ಇದ್ದರು. ಬೀಡಿನ ಸುತ್ತ ದಿಮ್ಮಿಗಳ ತಡೆಯನ್ನೂ ಕಟ್ಟಿಕೊಂಡಿರಲಿಲ್ಲ. ಬೆಳಗಿನ ಅಡುಗೆಗೆ ಒಲೆ ಹೊತ್ತಿಸುವ ಹೊತ್ತಿಗೆ ಮಯಾಮಿ ಬುಡಕಟ್ಟಿನ ಲಿಟಲ್ ಟರ್ಟಲ್, ಶಾನಿ ಬುಡಕಟ್ಟಿನ ಬ್ಲೂ ಜಾಕೆಟ್ ಮುಂದಾಳುತನದಲ್ಲಿ ಹಲವು ಬುಡಕಟ್ಟುಗಳ ಸಾವಿರದಷ್ಟು ಯೋಧರು ಮೇಲೆರಗಿದರು. ಮೂರು ಗಂಟೆಯಲ್ಲಿ 600ಕ್ಕೂ ಹೆಚ್ಚು ಸೈನಿಕರು ಸತ್ತರು. ಮೂಲನಿವಾಸಿಗಳ ಕೈಯಲ್ಲಿ ಅಮೆರಿಕದ ಸೇನೆ ಕಂಡ ಅತಿ ದೊಡ್ಡ ಸೋಲು ಇದು.

ಸತ್ತವರ ಬಾಯಿಗೆ ಗೆದ್ದವರು ಮಣ್ಣು ತುರುಕಿದ್ದರು ಎಂಬ ಮಾತು ಉಳಿದು ಬಂದಿದೆ. ನಮ್ಮಲ್ಲಿ 'ಬಾಯಿಗೆ ಮಣ್ಣು ಬಿತ್ತು' ಎಂದರೆ ಅನ್ನ ಹೋಯಿತೆಂದು ಅರ್ಥ. ಅಲ್ಲಿ ಅದರ ಅರ್ಥ ಬೇರೆ: ನೆಲ ಬೇಕೆಂದಿರಲ್ಲ, ತಿನ್ನಿ. ಹೊಸ ಸರ್ಕಾರ ಸ್ವಾತಂತ್ರ್ಯ ಯುದ್ಧದ ಸಾಲ ತೀರಿಸಲು ಒಹಾಯೊ ನದಿಯಾಚೆಯ ನೆಲವನ್ನು ಮಾರಲು ಹೊರಟಿತ್ತು. ಆ ನೆಲದಲ್ಲಿ ಜನರಿದ್ದರು, ಅವರ ಹೊಲಗಳಿದ್ದವು.

ಸೈನಿಕರ ಮೂಳೆಗಳ ಮೇಲೆ ಈಗ ನೂರಡಿಗೂ ಎತ್ತರದ ಕಲ್ಲಿನ ಸ್ತಂಭವಿದೆ. ಆಳುಗಳಾಗಿ ಬಂದು ಚಳಿಯಲ್ಲಿ ಸತ್ತವರಿಗೆ ಅದು ಸಲ್ಲಬೇಕಾದದ್ದೇ. ತಣ್ಣನೆಯ ಕಲ್ಲಿಗೆ ಮಗಳು ಅಂಗೈ ಒತ್ತಿ ನಿಂತಿದ್ದಳು. ನಾನು ಅವಸರಪಡಿಸಲಿಲ್ಲ.

ಆಮೇಲೆ ಭೂಪಟ ಬಿಡಿಸಿ ತೋರಿಸಿದೆ. 1793ರ ಕೊನೆಗೆ ಅಮೆರಿಕದ ಸೇನೆಯ ಜನರಲ್ ವೇಯ್ನ್ ಇದೇ ರಣಭೂಮಿಯಲ್ಲಿ ಕೋಟೆ ಕಟ್ಟಿಸಿದ. ಮರುವರ್ಷ ಫಾಲನ್ ಟಿಂಬರ್ಸ್ ಕದನದಲ್ಲಿ ಬುಡಕಟ್ಟುಗಳು ಸೋತವು. 1795ರ ಗ್ರೀನ್‌ವಿಲ್ ಒಪ್ಪಂದದ ಗಡಿಗೆರೆ ಪೂರ್ವದಿಂದ ಈ ಕೋಟೆಯವರೆಗೆ ಬಂದು, ಇಲ್ಲಿಂದ ತಿರುಗಿ ಒಹಾಯೊ ನದಿಗೆ ಇಳಿಯುತ್ತದೆ. ಅವರು ಗೆದ್ದ ಜಾಗವೇ ಅವರ ನೆಲ ಕಳೆದ ಗೆರೆಯ ಗುರುತುಕಲ್ಲಾಯಿತು.

ಮಗಳು ಆ ಗೆರೆಯ ಮೇಲೆ ಬೆರಳಾಡಿಸಿ, "ನಮ್ಮ ಮನೆ ಯಾವ ಕಡೆಗಿದೆ?" ಎಂದಳು.

"ಬಿಟ್ಟುಕೊಟ್ಟ ಕಡೆಗೆ," ಎಂದೆ. ಮನೆ ಮುಟ್ಟುವವರೆಗೂ ಅವಳು ಭೂಪಟವನ್ನು ಮಡಚಲಿಲ್ಲ.