ರೂಟ್ ಕೆನಾಲ್: ನೋವು ನಿಂತ ಮೇಲಿನ ಓಡಾಟ

ತುಮಕೂರಿನ ಹಲ್ಲಿನ ಕ್ಲಿನಿಕ್‌ಗಳಿಗೆ ಪಾವಗಡ, ಮಧುಗಿರಿ, ಶಿರಾ ಕಡೆಯಿಂದಲೂ ಜನ ಬಸ್ ಹತ್ತಿ ಬರುತ್ತಾರೆ. ರಾತ್ರಿಯೆಲ್ಲ ದವಡೆ ಹಿಡಿದು ಕೂತವರಿಗೆ ಬೆಳಿಗ್ಗೆ ಹಲ್ಲು ತೆರೆದು ಔಷಧಿ ಇಟ್ಟರೆ ಸಾಕು, ಸಿಡಿತ ಇಳಿಯುತ್ತದೆ. ಆಮೇಲೆ ರಾಗಿ ಒಕ್ಕಣೆ, ಮಗಳ ಪರೀಕ್ಷೆ, ಸಿದ್ಧಗಂಗೆ ಜಾತ್ರೆ ಎಂದು ಮುಂದಿನ ಭೇಟಿ ಮುಂದೆ ಹೋಗುತ್ತಲೇ ಇರುತ್ತದೆ. ಉಳಿಸಬಹುದಾಗಿದ್ದ ಹಲ್ಲನ್ನು ಕೊನೆಗೆ ಕೀಳಿಸಬೇಕಾಗಿ ಬರುವುದಕ್ಕೆ ಈ ಮುಂದೂಡಿಕೆ ಒಂದು ದೊಡ್ಡ ಕಾರಣ.

ನೋವು ಅಷ್ಟು ಬೇಗ ಯಾಕೆ ನಿಲ್ಲುತ್ತದೆ? ಹಲ್ಲಿನ ನಡುವೆ ನರ, ರಕ್ತನಾಳಗಳಿರುವ ಮೆತ್ತನೆಯ ತಿರುಳಿದೆ. ಹುಳುಕು ಅಲ್ಲಿಗೆ ತಲುಪಿದಾಗ ತಿರುಳು ಊದಿಕೊಳ್ಳುತ್ತದೆ. ಸುತ್ತ ಗಟ್ಟಿ ಗೋಡೆ, ಊದಲು ಜಾಗವಿಲ್ಲ. ಒತ್ತಡ ಏರಿ ಸಿಡಿಯುತ್ತದೆ. ಹಲ್ಲು ತೆರೆದ ಕೂಡಲೇ ಒತ್ತಡವೇನೋ ಇಳಿಯುತ್ತದೆ, ಬೇರಿನ ನಾಳಗಳೊಳಗಿನ ಬ್ಯಾಕ್ಟೀರಿಯಾ ಮಾತ್ರ ಪೂರ್ತಿ ಹೋಗಿರುವುದಿಲ್ಲ. ಕೆಟ್ಟ ತಿರುಳು ತೆಗೆದು, ಆ ನಾಳಗಳನ್ನು ತೊಳೆದು, ತುಂಬಿ ಮುಚ್ಚುವುದೇ ರೂಟ್ ಕೆನಾಲ್.

ಮೊದಲ ದಿನ ತಿಂಡಿ ತಿಂದು, ದಿನದ ಮಾತ್ರೆ ನುಂಗಿಯೇ ಹೋಗಿ. ಸಕ್ಕರೆ ಕಾಯಿಲೆ, ಬಿಪಿ, ರಕ್ತ ತೆಳುವಾಗಿಸುವ ಮಾತ್ರೆ, ಬಸಿರು, ಯಾವುದಿದ್ದರೂ ಮೊದಲೇ ಹೇಳಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಎಕ್ಸ್-ರೇ ಆದ ಮೇಲೆ ಮರಗಟ್ಟಿಸುವ ಇಂಜೆಕ್ಷನ್. ತೀರಾ ಸಿಡಿಯುತ್ತಿರುವ ಕೆಳಗಿನ ದವಡೆ ಹಲ್ಲಿಗೆ ಒಂದೇ ಇಂಜೆಕ್ಷನ್ ಸಾಲದಿರಬಹುದು. ತುಟಿ ಮರಗಟ್ಟಿದ್ದರೂ ಹಲ್ಲಿನಲ್ಲಿ ಚುರುಕ್ ಎಂದರೆ ಸಹಿಸಿಕೊಂಡು ಕೂರಬೇಡಿ, ಕೈ ಎತ್ತಿ. ಹಲ್ಲಿನ ಪಕ್ಕಕ್ಕೋ ತಿರುಳಿಗೋ ಇನ್ನೊಂದಿಷ್ಟು ಕೊಡಬಹುದು.

ಆಮೇಲೆ ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟುತ್ತಾರೆ. ಕೆಲವು ಕಡೆ ಇದನ್ನು ಬಿಟ್ಟೇ ಕೆಲಸ ಮಾಡುತ್ತಾರೆ. ನನ್ನ ಮಟ್ಟಿಗೆ ಇದು ಕೇಳಿ ಹಾಕಿಸಿಕೊಳ್ಳಬೇಕಾದದ್ದು. ಎಂಜಲು ನಾಳಕ್ಕೆ ಇಳಿಯದಂತೆ, ನಾಳ ಕೆರೆಯುವ ಸೂಜಿಯಂಥ ಸಣ್ಣ ಫೈಲು ಜಾರಿ ಗಂಟಲಿಗೆ ಬೀಳದಂತೆ ತಡೆಯುವುದು ಈ ಹಾಳೆಯೇ. ನಾಳ ತೊಳೆಯುವ ಸೋಡಿಯಂ ಹೈಪೋಕ್ಲೋರೈಟ್‌ಗೆ ಬ್ಲೀಚಿಂಗ್ ಪೌಡರ್ ಕಲೆಸಿದ ನಲ್ಲಿ ನೀರಿನ ವಾಸನೆ ಇರುತ್ತದೆ. ಅದು ಬಾಯಿಗೆ ಇಳಿದು ಉರಿದರೆ ತಕ್ಷಣ ತಿಳಿಸಿ.

ಮುಂದಿನ ಹಲ್ಲಿಗೆ ಸಾಮಾನ್ಯವಾಗಿ ಒಂದೇ ನಾಳ, ಒಂದೆರಡು ಸಲಕ್ಕೆ ಮುಗಿಯುತ್ತದೆ. ಕೆಳಗಿನ ಮೊದಲ ದೊಡ್ಡ ದವಡೆ ಹಲ್ಲಿಗೆ ಮೂರು, ಕೆಲವೊಮ್ಮೆ ನಾಲ್ಕು. ಮೇಲಿನದರಲ್ಲಿ ನಾಲ್ಕನೆಯ ನಾಳ ಎಷ್ಟೋ ಸಲ ಇದ್ದೇ ಇರುತ್ತದೆ, ಕೂದಲೆಳೆಯಷ್ಟು ಸಣ್ಣದು. ಅದು ತಪ್ಪಿಹೋದರೆ ವರ್ಷಗಳ ನಂತರವೂ ಕೀವು ಕಟ್ಟಬಹುದು. ಹಾಗಾಗಿ ಹೊತ್ತು ಹಿಡಿಯುವುದು ಹುಡುಕಾಟಕ್ಕೆ ಮತ್ತು ಅಳತೆಗೆ. ಫೈಲಿನ ಮೇಲಿನ ಪುಟ್ಟ ರಬ್ಬರ್ ಬಿಲ್ಲೆಯನ್ನು ಸರಿಸಿ ಉದ್ದ ಗುರುತು ಮಾಡುತ್ತಾರೆ. ಎಕ್ಸ್-ರೇಯಲ್ಲಿ ಕಾಣುವ ಬೇರಿನ ತುದಿಗಿಂತ ಅರ್ಧದಿಂದ ಒಂದು ಮಿಲಿಮೀಟರ್ ಹಿಂದೆ ನಿಲ್ಲಬೇಕು. ಮುಂದೆ ಹೋದರೆ ಮೂಳೆಗೆ ಕೆರಳಿಕೆ, ತೀರಾ ಹಿಂದೆ ನಿಂತರೆ ಸೋಂಕು ಒಳಗೇ. ಬಾಗಿದ ನಾಳದಲ್ಲಿ ಫೈಲಿನ ತುದಿ ಮುರಿದು ಉಳಿಯುವುದೂ ಉಂಟು. ಅಷ್ಟಕ್ಕೇ ಹಲ್ಲು ಹೋಯಿತೆಂದಲ್ಲ, ಆದರೆ ವೈದ್ಯರು ಅದನ್ನು ನಿಮಗೆ ಹೇಳಲೇಬೇಕು.

ಸೋಂಕು ಹೆಚ್ಚಿದ್ದರೆ ನಾಳದೊಳಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಎಂಬ ಔಷಧಿ ಇಟ್ಟು, ಮೇಲೆ ತಾತ್ಕಾಲಿಕ ಸಿಮೆಂಟ್ ಮುಚ್ಚಿ, ಒಂದೆರಡು ವಾರ ಬಿಟ್ಟು ಬರಹೇಳುತ್ತಾರೆ. ಆ ಸಿಮೆಂಟನ್ನು ನಂಬಬಹುದಾದದ್ದು ಎರಡು-ಮೂರು ವಾರ. ಆಮೇಲೆ ಸವೆದು ಎಂಜಲು ಒಳಗಿಳಿಯುತ್ತದೆ, ತೊಳೆದದ್ದೆಲ್ಲ ಮತ್ತೆ ಕೆಡುತ್ತದೆ. ಅಂಚು ಸ್ವಲ್ಪ ಸವೆದರೆ ಗಾಬರಿ ಬೇಡ. ನಾಲಿಗೆಗೆ ಗುಂಡಿ ಸಿಕ್ಕಿದರೆ ಆ ದಿನವೇ ಫೋನ್ ಮಾಡಿ.

ಮರಗಟ್ಟುವಿಕೆ ಇಳಿಯಲು ಎರಡು-ಮೂರು ಗಂಟೆ ಬೇಕು. ಅಲ್ಲಿಯವರೆಗೆ ಬಿಸಿ ಸಾರು ಬೇಡ, ತುಟಿ ಸುಟ್ಟರೂ ಗೊತ್ತಾಗುವುದಿಲ್ಲ. ನಂತರ ಬಿಸಿ ಆರಿದ ಮುದ್ದೆ ಒಳ್ಳೆಯದು, ಅಗಿಯುವ ಕೆಲಸವೇ ಇಲ್ಲ. ಕೊಬ್ಬರಿ ಬೆಲ್ಲ, ಹುರಿದ ಕಡಲೆಕಾಯಿ, ಚಕ್ಕುಲಿ ಆ ಕಡೆಗೆ ಬೇಡ. ಎರಡು-ಮೂರು ದಿನ ಕಚ್ಚಿದಾಗ ನೋವು ಸಹಜ. ಬಾಯಿ ಮುಚ್ಚಿದಾಗ ಆ ಹಲ್ಲೇ ಮೊದಲು ತಾಗುತ್ತಿದ್ದರೆ ಸಿಮೆಂಟ್ ಎತ್ತರವಾಗಿದೆ ಎಂದರ್ಥ. ಬಣ್ಣದ ಕಾಗದ ಕಚ್ಚಿಸಿ, ಗುರುತು ಬಿದ್ದಲ್ಲಿ ಉಜ್ಜಿದರೆ ಸರಿಹೋಗುತ್ತದೆ. ಕೆನ್ನೆ ಊದಿ ಜ್ವರ ಬಂದರೆ ತಡಮಾಡದೆ ವೈದ್ಯರ ಬಳಿ ಹೋಗಿ. ನಾಲಿಗೆಯ ಕೆಳಗೆ ಊದಿ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ನೇರ ಆಸ್ಪತ್ರೆಯ ಎಮರ್ಜೆನ್ಸಿಗೆ. ಮೆಡಿಕಲ್ ಶಾಪಿನಿಂದ ಆಂಟಿಬಯಾಟಿಕ್ ತಂದು ನುಂಗುವುದರಿಂದ ಈ ಕೆಲಸ ತಪ್ಪುವುದಿಲ್ಲ: ತಿರುಳು ಸತ್ತ ಹಲ್ಲಿಗೆ ರಕ್ತ ಹರಿಯದು, ಔಷಧಿ ಅಲ್ಲಿಗೆ ತಲುಪದು. ಒಸಡಿನ ಮೇಲೆ ಆಸ್ಪಿರಿನ್ ಇಟ್ಟರಂತೂ ಚರ್ಮ ಸುಡುತ್ತದೆ.

ಮುಂದಿನ ಭೇಟಿಯಲ್ಲಿ ನಾಳಗಳನ್ನು ಮತ್ತೆ ತೊಳೆದು, ಒಣಗಿಸಿ, ಗುಟ್ಟಾಪರ್ಚಾ ಎಂಬ ತೆಳು ಗುಲಾಬಿ ಕಡ್ಡಿಗಳನ್ನು ಅಂಟಿನ ಜೊತೆ ತುಂಬುತ್ತಾರೆ. ಕೀವು ಇನ್ನೂ ಒಸರುತ್ತಿದ್ದರೆ ತುಂಬದೆ ಇನ್ನೊಂದು ಸಲ ಕರೆಯುತ್ತಾರೆ, ಅದಕ್ಕೆ ಬೇಸರ ಬೇಡ. ಅಗಳಕೋಟೆಯ ಶ್ರೀ ಸಿದ್ಧಾರ್ಥ ದಂತ ಕಾಲೇಜಿನಂಥ ಕಡೆ ವಿದ್ಯಾರ್ಥಿಗಳು ಹಂತಹಂತಕ್ಕೂ ಅಧ್ಯಾಪಕರಿಗೆ ತೋರಿಸಿ ಮುಂದುವರಿಯುತ್ತಾರೆ. ಖರ್ಚು ಕಡಿಮೆ, ಕೂರುವ ಹೊತ್ತು ಹೆಚ್ಚು ಎಂದು ಲೆಕ್ಕ ಹಾಕಿಕೊಂಡೇ ಹೋಗಿ.

ಕೊನೆಯದು ಕ್ಯಾಪ್, ಹಲ್ಲಿನ ಮೇಲೆ ತೊಡಿಸುವ ಗಟ್ಟಿ ಕವಚ. ಹುಳುಕು ಕೊರೆದು, ನಾಳಕ್ಕೆ ದಾರಿ ಮಾಡಿ ಉಳಿದ ದವಡೆ ಹಲ್ಲಿಗೆ ತೆಳು ಗೋಡೆಗಳಷ್ಟೇ ಇರುತ್ತವೆ. ಕ್ಯಾಪ್ ಇಲ್ಲದೆ ಒಂದು ಮೂಳೆಯ ಚೂರು ಕಚ್ಚಿದರೆ ಹಲ್ಲು ಸೀಳಬಹುದು. ಸೀಳು ಬೇರಿಗಿಳಿದರೆ ಕೀಳುವುದೊಂದೇ ದಾರಿ. ಮುಂದಿನ ಹಲ್ಲು ಬಹುಪಾಲು ಗಟ್ಟಿ ಉಳಿದಿದ್ದರೆ ಕ್ಯಾಪ್ ಬೇಡವಾಗಬಹುದು. ಕ್ಯಾಪ್‌ಗೂ ಎರಡು ಭೇಟಿ: ಹಲ್ಲು ಉಜ್ಜಿ ಅಳತೆ ತೆಗೆಯಲು ಒಂದು, ಲ್ಯಾಬಿನಿಂದ ಬಂದದ್ದನ್ನು ಕೂರಿಸಲು ಇನ್ನೊಂದು. ಪಾವಗಡದ ಫ್ಲೋರೈಡ್ ನೀರು ಕುಡಿದು ಬೆಳೆದವರ ಹಲ್ಲಿನಲ್ಲಿ ಎಷ್ಟೋ ಸಲ ಕಂದು ಮಚ್ಚೆ ಇರುತ್ತವೆ. ಅವರು ಬಣ್ಣದ ಪಟ್ಟಿಯನ್ನು ಪಕ್ಕದ ಹಲ್ಲಿನ ಬಳಿ ಹಿಡಿದು, ಕಿಟಕಿಯ ಬೆಳಕಿನಲ್ಲಿ ಕನ್ನಡಿ ನೋಡಿ ಕ್ಯಾಪಿನ ಬಣ್ಣ ಆರಿಸಿಕೊಳ್ಳಬೇಕು. ಅಂಟಿಸಿದ ಮೇಲೆ ಬಣ್ಣ ಬದಲಿಸಲು ಆಗುವುದಿಲ್ಲ.