ಕೋಟಿಗಟ್ಟಲೆ ತಗೋತಾರಲ್ಲ, ಏಟು ಬಿದ್ದರೆ ಏನಂತೆ?

ಪ್ರಶ್ನೆ ಶುರುವಾಗುವುದು ಮೆತ್ತಗೆ. "ಅಲ್ಲ ಕಣೇ, ಆ ಅಮೆರಿಕನ್ ಫುಟ್‌ಬಾಲ್ ಹೇಗೆ ನೋಡ್ತೀಯ ನೀನು?" ನಾನು ಬಾಯಿ ತೆರೆಯುವಷ್ಟರಲ್ಲಿ ಎರಡನೆಯದು ಬರುತ್ತದೆ, "ಗೂಳಿಗಳ ಹಾಗೆ ಗುದ್ದಾಡ್ತಾರಲ್ಲ." ಏಟು ತಿಂದವರ ಬಗ್ಗೆ ಮಾತು ತೆಗೆದೆನೋ, ಮೂರನೆಯದು ಬಂದೇ ಬರುತ್ತದೆ. "ಕೋಟಿಗಟ್ಟಲೆ ತಗೋತಾರಲ್ಲ, ಏಟು ಬಿದ್ದರೆ ಏನಂತೆ?" ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಬಂದು ಹದಿನೈದು ವರ್ಷ ಆಯಿತು. ಯುಗಾದಿ ಊಟದ ಸಾಲಿನಲ್ಲಿ, ಮಗನ ಸ್ಕೂಲ್ ಗೇಟಿನಲ್ಲಿ, ಊರಿಗೆ ಫೋನ್ ಮಾಡಿದಾಗ, ಎಲ್ಲ ಕಡೆ ಇವೇ ಮೂರು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಯಾರು ಕೇಳಿದರೂ ಇದನ್ನೇ ಓದಿ ಅನ್ನುತ್ತೇನೆ. ಕೈಯಲ್ಲಿ ಹಿಡಿದು ಓಡುವ ಆಟಕ್ಕೆ ಫುಟ್‌ಬಾಲ್ ಅಂತ ಯಾಕೆ ಹೆಸರು ಅನ್ನುವ ಪ್ರಶ್ನೆಗೆ ಮಾತ್ರ ನನ್ನ ಹತ್ತಿರ ಉತ್ತರ ಕೇಳಬೇಡಿ, ಹೆಸರಿಟ್ಟವಳು ನಾನಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಲೀಗ್‌ನ ಹೆಸರು ಎನ್‌ಎಫ್‌ಎಲ್. 32 ತಂಡ. ಸೆಪ್ಟೆಂಬರ್‌ನಿಂದ ಜನವರಿವರೆಗೆ ತಂಡಕ್ಕೆ 17 ಪಂದ್ಯ, ಫೆಬ್ರವರಿಯಲ್ಲಿ ಫೈನಲ್, ಅದರ ಹೆಸರು ಸೂಪರ್ ಬೌಲ್. ನಮ್ಮ ತಂಡ ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್. ಹೆಸರು ಸ್ಯಾನ್ ಫ್ರಾನ್ಸಿಸ್ಕೋದ್ದಾದರೂ 2014ರಿಂದ ಅದರ ಸ್ಟೇಡಿಯಂ ಇರುವುದು ಸಾಂತಾ ಕ್ಲಾರಾದಲ್ಲಿ, ನಮ್ಮ ಮನೆಯಿಂದ ಕಾರಿನಲ್ಲಿ ಹತ್ತು ನಿಮಿಷ.

ನಾನು ಹೇಗೆ ನೋಡಲು ಶುರು ಮಾಡಿದೆ ಅನ್ನುವುದು ನೆನಪಿದೆ. 2012ರ ಜನವರಿ 14, ಶನಿವಾರ. ಸಂಕ್ರಾಂತಿಗೆ ಅಂತ ಕೊಬ್ಬರಿ ಹೆಚ್ಚುತ್ತಾ ಕೂತಿದ್ದೆ. ನಮ್ಮವರ ಆಫೀಸಿನ ಗೆಳೆಯರೊಬ್ಬರು ಬಂದು ಟಿವಿ ಹಾಕಿದರು. ಎದುರಾಳಿ ನ್ಯೂ ಆರ್ಲಿಯನ್ಸ್ ಸೇಂಟ್ಸ್. ನಮ್ಮ ಕ್ವಾರ್ಟರ್‌ಬ್ಯಾಕ್ ಅಲೆಕ್ಸ್ ಸ್ಮಿತ್, ಅಂದರೆ ಚೆಂಡು ಎಸೆಯುವವನು, ಎಲ್ಲರೂ ವರ್ಷಗಟ್ಟಲೆ ಬೈದು ಬೈದು ಬಿಟ್ಟಿದ್ದ ಹುಡುಗ. ಆಟ ಮುಗಿಯಲು 9 ಸೆಕೆಂಡ್ ಇರುವಾಗ ಅವನು ಎಸೆದ ಚೆಂಡನ್ನು ವರ್ನನ್ ಡೇವಿಸ್ ಅಂಕ ಸಿಗುವ ಗೆರೆಯ ಹತ್ತಿರ ಹಿಡಿದ. 36-32, ನಾವು ಗೆದ್ದೆವು. ಬೆಟ್ಟದಂಥ ಆಳು ಡೇವಿಸ್ ಮಗುವಿನ ಹಾಗೆ ಅಳುತ್ತಾ ಬಂದು ಕೋಚ್ ಜಿಮ್ ಹಾರ್ಬಾಘ್ ಅವರನ್ನು ಅಪ್ಪಿಕೊಂಡ. ಚಾಕು ಕೆಳಗಿಟ್ಟು ನೋಡುತ್ತಿದ್ದೆ. ಅಲ್ಲಿಯವರೆಗೆ ಸುಮ್ನೆ ಗುದ್ದಾಟ ಅಂದುಕೊಂಡಿದ್ದೆ. ಗೆಳೆಯರು ಆ ಕೊನೆಯ ಎಸೆತವನ್ನು ಮತ್ತೆ ಹಾಕಿ ತೋರಿಸಿದರು. ಹನ್ನೊಂದು ಜನ, ಹನ್ನೊಂದು ಬೇರೆ ಬೇರೆ ಕೆಲಸ. ಯಾರೂ ಹೆಸರು ಹೇಳದ ಐದು ಜನ ಮುಂದೆ ಗೋಡೆಯಾಗಿ ನಿಂತು ಮೂರು ಸೆಕೆಂಡ್ ಗಳಿಸಿಕೊಡುತ್ತಾರೆ, ಆ ಮೂರು ಸೆಕೆಂಡಿನಲ್ಲಿ ಒಬ್ಬ ಇಡೀ ಮೈದಾನ ಓದಬೇಕು. ನನಗೆ ಹಿಡಿಸಿದ್ದು ಅದು. ಇವತ್ತಿಗೂ ಅದೇ.

ಹೇಗೆ ನೋಡ್ತೀಯ ಅಂದರೆ ಹೀಗೆ ನೋಡುತ್ತೇನೆ. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಆ ಮೂರನೆಯ ಮಾತು ಇದೆಯಲ್ಲ, ಅದು ನನ್ನನ್ನು ಬಿಡುವುದಿಲ್ಲ.

ಅದೇ ವರ್ಷ ನವೆಂಬರ್‌ನಲ್ಲಿ ಅಲೆಕ್ಸ್ ಸ್ಮಿತ್ ತಲೆಗೆ ಏಟು ಬಿತ್ತು. ಕಣ್ಣು ಮಂಜಾಗಿದೆ ಅಂತ ಅವನು ಹೇಳಿದ, ಹೊರಗೆ ಕೂರಿಸಿದರು. ಅವನ ಜಾಗಕ್ಕೆ ಬಂದ ಹೊಸ ಹುಡುಗ ಕಾಲಿನ್ ಕೆಪರ್ನಿಕ್ ಎಷ್ಟು ಚೆನ್ನಾಗಿ ಆಡಿದನೆಂದರೆ ಸ್ಮಿತ್ ಹುಷಾರಾದ ಮೇಲೂ ಕೋಚ್ ಅವನನ್ನೇ ಮುಂದುವರಿಸಿದರು. ಮುಂದಿನ ವರ್ಷ ಸ್ಮಿತ್‌ನನ್ನು ಕ್ಯಾನ್ಸಸ್ ಸಿಟಿ ತಂಡಕ್ಕೆ ಕೊಟ್ಟುಬಿಟ್ಟರು. ತಲೆಗೆ ಏಟಾಗಿದೆ ಅಂತ ನಿಜ ಹೇಳಿದ್ದಕ್ಕೆ ಕೆಲಸ ಹೋಯಿತು. ತಂಡದಲ್ಲಿ 53 ಜನ ಇರುತ್ತಾರೆ. ಉಳಿದ 52 ಜನ ಅವತ್ತು ಏನು ಪಾಠ ಕಲಿತಿರಬೇಕು, ನೀವೇ ಹೇಳಿ. ಮುಂದಿನ ಸಲ ಅವರ ಕಣ್ಣು ಮಂಜಾದರೆ ಬಾಯಿ ಬಿಡುತ್ತಾರಾ?

ಈಗ ಆ ಮೂರನೆಯ ಮಾತು ನನ್ನನ್ನು ಕೆರಳಿಸಿದ ಸಂಜೆಯ ವಿಷಯ. 2023ರ ಜನವರಿ 2, ಸೋಮವಾರ, ಹೊಸ ವರ್ಷದ ರಜೆ. ಗೆಳತಿಯ ಮನೆಯಲ್ಲಿ ಸೇರಿದ್ದೆವು. ಮೈಸೂರಿನಿಂದ ಅವಳ ಅಪ್ಪ ಅಮ್ಮ ಬಂದಿದ್ದರು. ಸಿನ್ಸಿನಾಟಿಯಲ್ಲಿ ಬಫಲೋ ಬಿಲ್ಸ್ ಮತ್ತು ಬೆಂಗಾಲ್ಸ್ ಪಂದ್ಯ, ಇಲ್ಲಿ ಸಂಜೆ ಆರು ಗಂಟೆ ಹೊತ್ತು. ಬಿಲ್ಸ್‌ನ ಡಮಾರ್ ಹ್ಯಾಮ್ಲಿನ್ ಎದುರಾಳಿಯನ್ನು ತಡೆದು ಕೆಡವಿದ, ಎದ್ದು ನಿಂತ, ಹಾಗೇ ಹಿಂದಕ್ಕೆ ಬಿದ್ದ. ಎದೆಗೆ ಬಿದ್ದ ಗುದ್ದಿಗೆ ಹೃದಯ ನಿಂತಿತ್ತು. ವೈದ್ಯರು ಮೈದಾನದಲ್ಲೇ ಎದೆ ಒತ್ತುತ್ತಿದ್ದರು. ತಂಡದವರೆಲ್ಲ ಸುತ್ತ ಗೋಡೆ ಕಟ್ಟಿದ ಹಾಗೆ ನಿಂತು ಅಳುತ್ತಿದ್ದರು. ನನ್ನ ಕೈಯಲ್ಲಿ ಬೋಂಡ ತಟ್ಟೆ ಇತ್ತು, ಕೆಳಗಿಡಲೂ ತೋಚಲಿಲ್ಲ. ಆಗ ಸೋಫಾದಿಂದ ಅಂಕಲ್ ಹೇಳಿದರು, "ಬಿಡಮ್ಮ, ಕೋಟಿಗಟ್ಟಲೆ ತಗೋತಾರಲ್ಲ, ಏಟು ಬಿದ್ದರೆ ಏನಂತೆ?"

"ಅಂಕಲ್, ಅವನಿಗೆ 24 ವರ್ಷ" ಅಂದೆ. ಅನ್ನುವುದಲ್ಲ, ಕಿರುಚಿದೆ. ಮನೆಯೆಲ್ಲ ತಣ್ಣಗಾಯಿತು. ಗೆಳತಿ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ದೊಡ್ಡವರ ಮೇಲೆ ದನಿ ಎತ್ತಿದ್ದು ತಪ್ಪು, ಒಪ್ಪುತ್ತೇನೆ. ಹೇಳಿದ ಮಾತು ತಪ್ಪಲ್ಲ.

ಅಂಕಲ್ ಒಬ್ಬರದೇ ತಪ್ಪು ಅಂತಲೂ ಅಲ್ಲ. ಅದು ಆಫೀಸಿನವರ ಫ್ಯಾಂಟಸಿ ಲೀಗ್‌ನ ಫೈನಲ್ ವಾರ. ನಿಜವಾದ ಆಟಗಾರರನ್ನು ಆರಿಸಿಕೊಂಡು ಪಾಯಿಂಟ್ ಲೆಕ್ಕ ಹಾಕುವ ಆಟ ಅದು, ನಮ್ಮ ಬೇ ಏರಿಯಾ ಇಂಜಿನಿಯರ್‌ಗಳಿಗೆ ಪ್ರಾಣ. ಹ್ಯಾಮ್ಲಿನ್ ಇನ್ನೂ ಆಂಬುಲೆನ್ಸ್ ಹತ್ತಿದ್ದಾನೋ ಇಲ್ಲವೋ, ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬರು ಕೇಳಿದರು, "ಮ್ಯಾಚ್ ನಿಲ್ಲಿಸಿದರೆ ಪಾಯಿಂಟ್ಸ್ ಏನಾಗುತ್ತೆ?" ಆ ಗುಂಪಿನಿಂದ ಅವತ್ತೇ ಹೊರಗೆ ಬಂದೆ. ಕೊನೆಗೆ ಪಂದ್ಯವನ್ನು ರದ್ದು ಮಾಡಿದರು. ಎರಡು ಮೂರು ದಿನ ಆದ ಮೇಲೆ ಹ್ಯಾಮ್ಲಿನ್‌ಗೆ ಎಚ್ಚರವಾಯಿತು, ಬಾಯಲ್ಲಿ ಪೈಪ್ ಇದ್ದುದರಿಂದ ಕಾಗದದ ಮೇಲೆ ಬರೆದು ಕೇಳಿದನಂತೆ, ನಾವು ಗೆದ್ವಾ ಅಂತ.

ಸರಿ, ಕೋಟಿಯ ಲೆಕ್ಕಕ್ಕೆ ಬರೋಣ. ದುಡ್ಡು ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಎಷ್ಟು ವರ್ಷ? ಆಟಗಾರರ ಸಂಘವೇ ಹೇಳುವ ಪ್ರಕಾರ ಸರಾಸರಿ ಮೂರು ಚಿಲ್ಲರೆ ವರ್ಷ. ಪೇಪರಿನಲ್ಲಿ ಬರುವ ನೂರಾರು ಕೋಟಿ ಒಪ್ಪಂದದಲ್ಲಿ ಗ್ಯಾರಂಟಿ ಇರುವುದು ಸಾಮಾನ್ಯವಾಗಿ ಒಂದು ಭಾಗಕ್ಕೆ ಮಾತ್ರ. ಉಳಿದದ್ದು ತಂಡ ಇಟ್ಟುಕೊಂಡರೆ ಸಿಗುತ್ತದೆ, ಕೈಬಿಟ್ಟರೆ ಇಲ್ಲ. ತಂಡಗಳು ಹೊಸಬರನ್ನು ಸುತ್ತು ಸುತ್ತಾಗಿ ಆರಿಸಿಕೊಳ್ಳುವಾಗ ಹ್ಯಾಮ್ಲಿನ್ ತಡವಾಗಿ, ಆರನೇ ಸುತ್ತಿನಲ್ಲಿ ಆಯ್ಕೆಯಾದವನು. ಗಾಯದ ಪಟ್ಟಿಗೆ ಸೇರಿದರೆ ಸಂಬಳ ಕಡಿಮೆಯಾಗುವ ಷರತ್ತು ಅವನ ಒಪ್ಪಂದದಲ್ಲಿತ್ತು. ದೇಶವೆಲ್ಲ ನೋಡುತ್ತಿತ್ತು, ತಂಡ ಪೂರ್ತಿ ಕೊಡಲು ಒಪ್ಪಿತು. ಪಿಂಚಣಿಗೆ ಮೂರು ಸೀಸನ್ ಬೇಕು, ಅವನದು ಎರಡನೆಯದು. ಯಾರೂ ನೋಡದ ಆಗಸ್ಟ್ ತಿಂಗಳ ಪ್ರಾಕ್ಟೀಸ್‌ನಲ್ಲಿ ಮಂಡಿ ಮುರಿದುಕೊಂಡವನ ಕಥೆ ಯಾರು ಕೇಳುತ್ತಾರೆ?

ಈಗ ಕೋಚ್‌ಗಳನ್ನು ನೋಡಿ. ಸೀಸನ್ ಮುಗಿದ ಮಾರನೇ ದಿನಕ್ಕೆ ಇಲ್ಲಿ ಬ್ಲ್ಯಾಕ್ ಮಂಡೇ ಅನ್ನುತ್ತಾರೆ, ಕೋಚ್‌ಗಳನ್ನು ಮನೆಗೆ ಕಳಿಸುವ ದಿನ. ನಮ್ಮ ತಂಡದಲ್ಲೇ ನಾಲ್ಕು ವರ್ಷಕ್ಕೆ ನಾಲ್ಕು ಕೋಚ್ ಆದರು. 2014ರ ಕೊನೆಗೆ ಹಾರ್ಬಾಘ್ ಹೋದರು. 2015ರಲ್ಲಿ ಜಿಮ್ ಟಾಮ್ಸುಲಾ, 5 ಗೆಲುವು, ಹೊರಗೆ. 2016ರಲ್ಲಿ ಚಿಪ್ ಕೆಲ್ಲಿ, 2 ಗೆಲುವು, ಹೊರಗೆ. 2017ರಲ್ಲಿ ಬಂದ ಕೈಲ್ ಶಾನಹಾನ್ ಮೊದಲ ಒಂಬತ್ತು ಪಂದ್ಯ ಸತತವಾಗಿ ಸೋತರು, ಆದರೂ ಮಾಲೀಕರು ತಾಳ್ಮೆ ಇಟ್ಟುಕೊಂಡರು, 2019ರ ಸೀಸನ್‌ನಲ್ಲಿ ತಂಡ ಸೂಪರ್ ಬೌಲ್ ಮುಟ್ಟಿತು. ತಾಳ್ಮೆ ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಗುವುದಿಲ್ಲ ಅನ್ನುವುದು ಬೇರೆ. ಹ್ಯೂಸ್ಟನ್ ತಂಡ 2021ರಲ್ಲಿ ಡೇವಿಡ್ ಕಲ್ಲಿ, 2022ರಲ್ಲಿ ಲವಿ ಸ್ಮಿತ್, ಇಬ್ಬರು ಕಪ್ಪು ಕೋಚ್‌ಗಳನ್ನು ಒಂದೊಂದೇ ಸೀಸನ್‌ಗೆ ಕಳಿಸಿತು. ಮಯಾಮಿಯಲ್ಲಿ ಸೋಲಿಗಿಂತ ಗೆಲುವು ಜಾಸ್ತಿ ಇದ್ದ ಸೀಸನ್ ಮುಗಿದ ಮೇಲೂ ಕಪ್ಪು ಕೋಚ್ ಬ್ರಯಾನ್ ಫ್ಲೋರೆಸ್ ಕೆಲಸ ಕಳೆದುಕೊಂಡು, ವರ್ಣಭೇದ ಮಾಡುತ್ತಾರೆ ಅಂತ 2022ರ ಫೆಬ್ರವರಿಯಲ್ಲಿ ಲೀಗ್ ಮೇಲೇ ಕೇಸ್ ಹಾಕಿದರು. ಆ ಅನ್ಯಾಯದ ಬಗ್ಗೆ ಬೇರೆಯೇ ಬರೆಯಬೇಕು. ನಾನು ಇಲ್ಲಿ ಹೇಳುವುದು ಇಷ್ಟೇ. ಕೋಚ್‌ನ ಕೆಲಸ ಹೋದರೂ ಒಪ್ಪಂದದಲ್ಲಿ ಉಳಿದ ವರ್ಷಗಳ ಸಂಬಳ ಸಾಮಾನ್ಯವಾಗಿ ಬರುತ್ತದೆ. ಸೋತು ಹೋದ ಕೋಚ್‌ಗೆ ಇರುವ ಭದ್ರತೆ ಮಂಡಿ ಮುರಿದುಕೊಂಡ ಆಟಗಾರನಿಗೆ ಇಲ್ಲ. ಕೋಟಿ ಕೋಟಿ ಅನ್ನುವವರು ಒಂದು ಸಲವಾದರೂ ಇದನ್ನು ಯೋಚಿಸಿದ್ದೀರಾ?

ಇದೇ ಕೋಟಿ ಮಾತನ್ನು ಕೆಪರ್ನಿಕ್‌ಗೂ ಅಂದರು. 2016ರ ಆಗಸ್ಟ್‌ನಲ್ಲಿ ರಾಷ್ಟ್ರಗೀತೆ ಹಾಡುವಾಗ ಅವನು ಬೆಂಚಿನ ಮೇಲೆ ಕೂತ. ಪೊಲೀಸರ ಕೈಯಲ್ಲಿ ಸಾಯುತ್ತಿದ್ದ ಕಪ್ಪು ಜನರಿಗಾಗಿ ಅಂದ. ಆಮೇಲೆ ಸೈನ್ಯದಲ್ಲಿದ್ದು ಬಂದ ನೇಟ್ ಬೋಯರ್ ಎಂಬುವರ ಜೊತೆ ಮಾತಾಡಿ, ಕೂರುವ ಬದಲು ಒಂದು ಮಂಡಿ ಊರಿದ. ಸೈನಿಕರು ಸತ್ತ ಗೆಳೆಯನ ಸಮಾಧಿ ಮುಂದೆ ಹಾಗೆ ಮಾಡುತ್ತಾರೆ ಅನ್ನುವುದು ಬೋಯರ್ ಕೊಟ್ಟ ಕಾರಣ. ನಮ್ಮ ಕನ್ನಡದಲ್ಲಿ ಮಂಡಿಯೂರಿದ ಅಂದರೆ ಶರಣಾದ ಅಂತ ಅರ್ಥ. ಅಮ್ಮನಿಗೆ ಫೋನಿನಲ್ಲಿ ಹೇಳುವಾಗ "ಅವನು ಮಂಡಿಯೂರಿದ" ಅಂದೆ, ಅವರು "ಪಾಪ, ಕೊನೆಗೆ ಸೋತನಾ?" ಅಂದರು. ಇಲ್ಲಮ್ಮ, ಇದು ಸೋಲದವನ ಮಂಡಿ ಅಂತ ಬಿಡಿಸಿ ಹೇಳಬೇಕಾಯಿತು.

2017ರ ಮಾರ್ಚ್‌ನಲ್ಲಿ ಅವನು ಒಪ್ಪಂದದಿಂದ ಹೊರಬಂದ. ಹಿಂದಿನ ಸೀಸನ್‌ನಲ್ಲಿ ಅಂಕ ತರುವ ಎಸೆತ, ಅಂದರೆ ಟಚ್‌ಡೌನ್, 16 ಎಸೆದು ನಾಲ್ಕೇ ಸಲ ಚೆಂಡು ಎದುರಾಳಿ ಕೈಗೆ ಕೊಟ್ಟಿದ್ದವನು. ವಯಸ್ಸು 29. ಅವತ್ತಿನಿಂದ 32 ತಂಡಗಳಲ್ಲಿ ಒಂದೂ ಅವನನ್ನು ತೆಗೆದುಕೊಳ್ಳಲಿಲ್ಲ. ಮಾಲೀಕರು ಒಳಗೊಳಗೇ ಮಾತಾಡಿಕೊಂಡಿದ್ದಾರೆ ಅಂತ ದೂರು ಕೊಟ್ಟ, 2019ರಲ್ಲಿ ರಾಜಿಯಾಯಿತು. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿ ಪೊಲೀಸರ ಕೈಯಲ್ಲಿ ಸತ್ತ ಮೇಲೆ, ಆಟಗಾರರ ಮಾತು ಕೇಳದೇ ಇದ್ದದ್ದು ತಪ್ಪು ಅಂತ ಲೀಗ್‌ನ ಮುಖ್ಯಸ್ಥ ರಾಜರ್ ಗುಡೆಲ್ ವಿಡಿಯೊ ಮಾಡಿ ಹೇಳಿದರು. ಅದರಲ್ಲಿ ಕೆಪರ್ನಿಕ್ ಹೆಸರು ಇರಲಿಲ್ಲ. ಇದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ದುಡ್ಡು ತಗೊಂಡ ಮೇಲೆ ಸುಮ್ನೆ ಆಡಬೇಕು ಅನ್ನುವವರು ನಮ್ಮ ಪಂಕ್ತಿಯಲ್ಲೂ ಇದ್ದಾರೆ. ಅವರಲ್ಲಿ ಅರ್ಧ ಜನ ನನ್ನ ಹಾಗೇ ವೀಸಾ ಮೇಲೆ ಬಂದವರು, ಕೆಲಸ ಹೋದೀತು ಅಂತ ಆಫೀಸಿನಲ್ಲಿ ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡು ಇದ್ದವರು. ಆ ಭಯ ಏನು ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನನಗೆ ಬೇಕಾದ ಪ್ರಶ್ನೆ ಬೇರೆ. ಪ್ರತಿ ಬುಧವಾರದಿಂದ ತಂಡಗಳು ಗಾಯಾಳುಗಳ ಪಟ್ಟಿ ಕೊಡುತ್ತವೆ. ಹೆಸರು, ಪಕ್ಕದಲ್ಲಿ ಮೈಯ ಒಂದು ಭಾಗ. ಮಂಡಿ. ಭುಜ. ತಲೆ. ಅದನ್ನು ಓದಿದವರೆಲ್ಲ ಕೇಳುವುದು, "ಈ ವಾರ ಆಡ್ತಾನಾ?" "ಹೇಗಿದ್ದಾನೆ?" ಅಂತ ಯಾರೂ ಕೇಳುವುದಿಲ್ಲ. ನಮ್ಮ ಚಿಕ್ಕಪ್ಪ ಮಂಡ್ಯದ ಕಡೆ ಕಬಡ್ಡಿ ಆಡುತ್ತಿದ್ದರು, 22ಕ್ಕೇ ಮಂಡಿ ಹೋಯಿತು. ಊರಿನವರು ಅವರ ಆಟವನ್ನು ಇವತ್ತಿಗೂ ಹೊಗಳುತ್ತಾರೆ. ಮಂಡಿ ಹೇಗಿದೆ ಅಂತ ಕೇಳಿದವರನ್ನು ನಾನು ನೋಡಿಲ್ಲ. ಅವರು ಮೆಟ್ಟಿಲು ಹತ್ತುವುದನ್ನು ನೋಡುತ್ತಾ ಬೆಳೆದವಳು ನಾನು.

ಮಂಡಿಯಾದರೂ ಕಣ್ಣಿಗೆ ಕಾಣುತ್ತದೆ. ತಲೆ ಕಾಣುವುದಿಲ್ಲ. ಪಿಟ್ಸ್‌ಬರ್ಗ್ ಸ್ಟೀಲರ್ಸ್‌ನಲ್ಲಿ ನಾಲ್ಕು ಸೂಪರ್ ಬೌಲ್ ಗೆದ್ದ ಮೈಕ್ ವೆಬ್‌ಸ್ಟರ್ ಕೊನೆಕೊನೆಗೆ ತನ್ನ ಟ್ರಕ್ಕಿನಲ್ಲಿ ಮಲಗುತ್ತಿದ್ದ. 2002ರಲ್ಲಿ, 50ನೇ ವಯಸ್ಸಿಗೆ ತೀರಿಕೊಂಡ. ನೈಜೀರಿಯಾದಿಂದ ಬಂದ ವೈದ್ಯ ಬೆನೆಟ್ ಒಮಾಲು ಅವನ ಮಿದುಳನ್ನು ಪರೀಕ್ಷೆ ಮಾಡಿ ಸಿಟಿಇ ಎಂಬ ಕಾಯಿಲೆಯ ಗುರುತು ಕಂಡರು. ತಲೆಗೆ ಮತ್ತೆ ಮತ್ತೆ ಏಟು ಬಿದ್ದು ಮಿದುಳು ಸವೆಯುವ ಕಾಯಿಲೆ. ಇದೆ ಅಂತ ಖಚಿತವಾಗುವುದು ಸತ್ತ ಮೇಲೆಯೇ. 2017ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದವರು 111 ಎನ್‌ಎಫ್‌ಎಲ್ ಆಟಗಾರರ ಮಿದುಳು ನೋಡಿದರು, 110ರಲ್ಲಿ ಇತ್ತು. ಅನುಮಾನ ಬಂದ ಮನೆಯವರೇ ಹೆಚ್ಚಾಗಿ ದಾನ ಕೊಡುವುದರಿಂದ ಎಲ್ಲ ಆಟಗಾರರಿಗೂ ಈ ಲೆಕ್ಕ ಹಾಕುವ ಹಾಗಿಲ್ಲ. ಆದರೂ 110.

ಹ್ಯಾಮ್ಲಿನ್ ಮತ್ತೆ ಆಡಿದ ಅಂದರೆ ಜನ ನಂಬುವುದಿಲ್ಲ. 2023ರ ಅಕ್ಟೋಬರ್‌ನಲ್ಲೇ ಸೀಸನ್ ಪಂದ್ಯಕ್ಕೆ ವಾಪಸ್ ಬಂದ. 2024ರ ಸೆಪ್ಟೆಂಬರ್ 12ರಂದು ಮಯಾಮಿಯ ಟುವಾ ಟಾಂಗೊವೈಲೋವಾ ಚೆಂಡು ಹಿಡಿದು ಓಡುತ್ತಾ ತಲೆ ಬಗ್ಗಿಸಿ ಒಬ್ಬನಿಗೆ ಗುದ್ದಿಕೊಂಡು ಬಿದ್ದ, ಕೈ ಸೆಟೆದುಕೊಂಡಿತ್ತು. ಎರಡು ವರ್ಷದ ಹಿಂದೆ ಸಿನ್ಸಿನಾಟಿಯಲ್ಲೂ ಹೀಗೇ ಬಿದ್ದಿದ್ದ ಹುಡುಗ. ಎದುರಿಗಿದ್ದವನು ಹ್ಯಾಮ್ಲಿನ್. ನಾನು ಟಿವಿ ಆರಿಸಿದೆ.

ಆಗ ಮಗ ಪಕ್ಕದಲ್ಲಿ ಕೂತಿದ್ದ. ಅವನು ಆ ವರ್ಷ ಹೈಸ್ಕೂಲ್ ಸೇರಿದ್ದ, ಫುಟ್‌ಬಾಲ್ ತಂಡಕ್ಕೆ ಸೇರುತ್ತೇನೆ ಅಂತ ಫಾರಂ ತಂದಿದ್ದ. ನಾನು ಬೇಡ ಅಂದಿದ್ದೆ. ಗುದ್ದಾಟ ಇಲ್ಲದ ಫ್ಲ್ಯಾಗ್ ಫುಟ್‌ಬಾಲ್ ಇದೆ, ಸೊಂಟಕ್ಕೆ ಕಟ್ಟಿದ ಪಟ್ಟಿ ಕಿತ್ತರೆ ಸಾಕು, 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲೂ ಇರುತ್ತದೆ, ಅದನ್ನು ಆಡು ಅಂದಿದ್ದೆ. ಅವನು ಕತ್ತಲಾದ ಟಿವಿಯನ್ನೇ ನೋಡುತ್ತಾ ಕೇಳಿದ, "ನನ್ನನ್ನ ಕಳಿಸಲ್ಲ ಅಂದಮೇಲೆ ಬೇರೆಯವರ ಮಕ್ಕಳು ಆಡೋದನ್ನ ನೀನ್ಯಾಕೆ ನೋಡ್ತೀಯಮ್ಮ?"

ಅದೇ ಪ್ರಶ್ನೆ. ಹದಿನೈದು ವರ್ಷದಲ್ಲಿ ಅದನ್ನು ಸರಿಯಾಗಿ ಕೇಳಿದವನು ಅವನೊಬ್ಬ. ವರ್ನನ್ ಡೇವಿಸ್ ಕಥೆ ಹೇಳಿದೆ, ಮೂರು ಸೆಕೆಂಡಿನ ಕಥೆ ಹೇಳಿದೆ. ಕೇಳಿಸಿಕೊಂಡ. "ಸರಿ, ಆದ್ರೆ ಅದು ಉತ್ತರ ಅಲ್ಲ" ಅಂತ ಎದ್ದು ಹೋದ. ಮುಂದಿನ ಭಾನುವಾರ ನಾನು ಮತ್ತೆ ಟಿವಿ ಹಾಕಿದೆ. ಫಾರಂ ಇನ್ನೂ ಫ್ರಿಜ್ ಬಾಗಿಲ ಮೇಲೇ ಇದೆ. ನಾನು ಸಹಿ ಹಾಕಿಲ್ಲ.